ಒಂದೇ ಕಾರಿನಲ್ಲಿ ಹೋದ ಅಕ್ಕ-ತಂಗಿಗೆ ಕಂಡದ್ದು ಎರಡು ಮಡಿಕೇರಿ: ಯಾರ ಮಾತು ಸರಿ?

ಬೆಣ್ಣೆನಗರಿ · ಸೋಮವಾರ ರಾತ್ರಿ 8.40

ಕೊಡಗಿನವರು ದಯವಿಟ್ಟು ಒಂದು ತೀರ್ಪು ಕೊಡಿ. ಅಕ್ಕ, ಭಾವ, ನನ್ನ ಯಜಮಾನರು ಮತ್ತು ನಾನು ದಾವಣಗೆರೆಯಿಂದ ಮಡಿಕೇರಿಗೆ ಹೋಗಿ ಬಂದೆವು. ಇಳಿದುಕೊಂಡದ್ದು ಒಂದೇ ಮನೆ, ಉಂಡದ್ದು ಒಂದೇ ಊಟ. ಆದರೆ ಊರಿಗೆ ಮರಳಿದ ದಿನದಿಂದ ಅಕ್ಕ ಬಂಧುಬಳಗಕ್ಕೆಲ್ಲ ‘ಮಡಿಕೇರಿಗೆ ಮಾತ್ರ ಹೋಗಬೇಡಿ’ ಎಂದು ಹೇಳುತ್ತಿದ್ದಾಳೆ. ನಾನೋ, ಮತ್ತೆ ಯಾವಾಗ ಹೋಗಲಿ ಎಂದು ರಜೆಯ ಲೆಕ್ಕ ಹಾಕುತ್ತಿದ್ದೇನೆ.

ಅಕ್ಕನ ದೂರುಗಳು ಇವು. ಶನಿವಾರ ಮಧ್ಯಾಹ್ನ ಜನರಲ್ ತಿಮ್ಮಯ್ಯ ವೃತ್ತದ ಬಳಿ ಕಾರು ಅಲುಗಾಡಲಿಲ್ಲ. ರಾಜಾಸೀಟಿನಲ್ಲಿ ಸೂರ್ಯನಿಗಿಂತ ಎತ್ತಿ ಹಿಡಿದ ಮೊಬೈಲುಗಳೇ ಹೆಚ್ಚು ಕಂಡವು. ಅಬ್ಬಿ ಜಲಪಾತದ ಮೆಟ್ಟಿಲುಗಳಲ್ಲಿ ನೂಕುನುಗ್ಗಲು. ಚರಂಡಿಯಲ್ಲಿ ಪ್ಲಾಸ್ಟಿಕ್. ಪ್ರತಿ ಅಂಗಡಿಯಲ್ಲೂ ಅದೇ ಚಾಕೊಲೇಟು, ಅದೇ ಮಸಾಲೆ ಪೊಟ್ಟಣ, ಅದೇ ಜೇನು. ಕೊಡಗಿನಲ್ಲಿ ಅವಳಿಗೆ ಇಷ್ಟವಾದದ್ದು ಬೈಲಕುಪ್ಪೆಯ ಸ್ವರ್ಣಮಂದಿರ ಒಂದೇ.

ನಾನು ಭಾನುವಾರ ಬೆಳಿಗ್ಗೆ ಉಳಿದವರೆಲ್ಲ ಮಲಗಿದ್ದಾಗ ಒಬ್ಬಳೇ ಓಂಕಾರೇಶ್ವರ ದೇವಸ್ಥಾನದ ಕಡೆಗೆ ನಡೆದೆ. ಕೊಳದ ನಡುವಿನ ಮಂಟಪ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಅಲ್ಲಿಂದ ಕೋಟೆಗೆ ಹತ್ತಿದೆ. ದಾರಿಯುದ್ದಕ್ಕೂ ಏರು, ಇಳುಕಲು, ಕಲ್ಲಿನ ಮೆಟ್ಟಿಲು. ಒಂದು ಮನೆಯ ಅಂಗಳದಲ್ಲಿ ನಿಂತರೆ ಪಕ್ಕದ ಮನೆಯ ಹೆಂಚು ಕಾಲಮಟ್ಟಕ್ಕೆ ಬರುತ್ತಿತ್ತು. ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬರು ಕೇಳದೆಯೇ ದಾರಿ ಹೇಳಿದರು. ಇಂಥ ಊರನ್ನು ಹೋಗಬೇಡಿ ಎನ್ನುವುದು ಹೇಗೆ?

ನಮ್ಮಿಬ್ಬರಲ್ಲಿ ನಿಜವಾದ ಮಡಿಕೇರಿಯನ್ನು ಕಂಡವರು ಯಾರು? ಇಲ್ಲಿಯವರಿಗೆ ನಿಮ್ಮ ಊರು ಹೇಗೆ ಕಾಣುತ್ತದೆ?

ಕಾಲೇಜು ರಸ್ತೆ · ರಾತ್ರಿ 8.52

ನಿಮ್ಮ ಅಕ್ಕನ ಮಾತು ಸರಿ. ಶನಿವಾರ ಮಧ್ಯಾಹ್ನ ಇಲ್ಲಿ ಹುಟ್ಟಿ ಬೆಳೆದ ನಮಗೇ ಮನೆಯಿಂದ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ.

ಹಾರಂಗಿ · ರಾತ್ರಿ 8.55

ಮೊದಲು ಒಂದು ತಿದ್ದುಪಡಿ. ಬೈಲಕುಪ್ಪೆ ಕೊಡಗಲ್ಲ. ಅದು ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಬಂದ ಮೇಲೆ ನಮ್ಮ ಜಿಲ್ಲೆ ಶುರುವಾಗುತ್ತದೆ. ಹಾಗೆ ನೋಡಿದರೆ ನಿಮ್ಮ ಅಕ್ಕನಿಗೆ ಕೊಡಗಿನಲ್ಲಿ ಏನೂ ಇಷ್ಟವಾಗಿಲ್ಲ ಎಂದಾಯಿತು, ಇದು ಬೇಸರದ ಸಂಗತಿ.

ಮಹದೇವಪೇಟೆ · ರಾತ್ರಿ 9.20

ಕಾಲೇಜು ರಸ್ತೆಯವರೇ, ಇಷ್ಟು ಬೇಗ ಊರನ್ನು ಬಿಟ್ಟುಕೊಡಬೇಡಿ.

ಮಡಿಕೇರಿಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 33 ಸಾವಿರ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಊರು ಕೂತಿರುವುದು ಗುಡ್ಡದ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ. ರಸ್ತೆಯನ್ನು ಅಗಲ ಮಾಡೋಣವೆಂದರೆ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಣಿವೆ. ಜಿಲ್ಲೆಗೆ ರೈಲು ಇಲ್ಲ. ಮೈಸೂರಿನಿಂದ ಮಂಗಳೂರಿಗೆ ಹೋಗುವವರೂ ತಲಕಾವೇರಿಗೆ ಹೋಗುವವರೂ ಅಬ್ಬಿ, ಮಾಂದಲಪಟ್ಟಿ ಎಂದು ಹೊರಟವರೂ ಇದೇ ಪೇಟೆಯನ್ನು ಹಾದು ಹೋಗಬೇಕು. ಶನಿವಾರ, ಭಾನುವಾರ ಅಷ್ಟೂ ಜನ ಒಟ್ಟಿಗೆ ಬಂದರೆ ಯಾವ ಊರು ತಾಳಿಕೊಳ್ಳುತ್ತದೆ? ಅಮ್ಮಾ, ಆ ಸಾಲಿನಲ್ಲಿ ನಿಮ್ಮ ಕಾರೂ ಒಂದಾಗಿತ್ತು ಎಂಬುದನ್ನು ಅಕ್ಕನಿಗೆ ಹೇಳಿ.

ಬೆಣ್ಣೆನಗರಿ · ರಾತ್ರಿ 9.31

ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬನ್ನಿ ಬನ್ನಿ ಎಂದು ಕರೆದ ಮೇಲೆ ಕಾರು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳಬೇಕಲ್ಲವೇ? ಜಾಗ ಹುಡುಕುತ್ತಾ ಒಂದೇ ರಸ್ತೆಯಲ್ಲಿ ಸುತ್ತು ಹಾಕಿದ್ದೇ ಅಕ್ಕನಿಗೆ ಸಾಕುಸಾಕಾಗಿದ್ದು.

ರೋಬಸ್ಟಾ · ರಾತ್ರಿ 9.45

ಸಿದ್ದಾಪುರ ಕಡೆಯ ಬೆಳೆಗಾರ ನಾನು. ಮಡಿಕೇರಿ ಚೆಂದವೋ ಅಲ್ಲವೋ ಎಂದು ನಾನು ಯಾವತ್ತೂ ಯೋಚಿಸಿದವನಲ್ಲ. ಅದು ನನಗೆ ಕಂದಾಯ ದಾಖಲೆ, ನ್ಯಾಯಾಲಯ, ಬ್ಯಾಂಕು ಇರುವ ಊರು. ಕಾಗದದ ಕಟ್ಟು ಹಿಡಿದು ಹೋಗುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ, ಕೆಲಸ ಆದರೆ ಸಂತೋಷ, ಆಗದಿದ್ದರೆ ನಾಳೆ ಬನ್ನಿ ಎನ್ನಿಸಿಕೊಂಡು ಮರಳುತ್ತೇನೆ. ನಮ್ಮ ವ್ಯಾಪಾರ ವಹಿವಾಟೆಲ್ಲ ವಿರಾಜಪೇಟೆ, ಗೋಣಿಕೊಪ್ಪದಲ್ಲಿ. ಕೊಡಗು ಅಂದಕೂಡಲೇ ಎಲ್ಲರೂ ಮಡಿಕೇರಿ ಹಿಡಿದುಕೊಳ್ಳುವುದೇಕೆ? ಈ ಜಿಲ್ಲೆ ನಿಂತಿರುವುದು ತೋಟದ ಮೇಲೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದ ಮೇಲೆ ಕಾಫಿ ಗಿಡ ಬಿಳಿಯಾಗಿ ನಿಂತಾಗ ಬಂದು ನೋಡಿ, ಆಮೇಲೆ ಅಕ್ಕ, ತಂಗಿ ಜಗಳ ಮುಂದುವರಿಸಿ.

ಪಯಸ್ವಿನಿ · ರಾತ್ರಿ 10.05

ನಾನು ಸುಳ್ಯದವಳು. ಒಂದು ಊರು ಹೇಗೆ ಕಾಣುತ್ತದೆ ಎನ್ನುವುದರಲ್ಲಿ ಯಾವ ದಿಕ್ಕಿನಿಂದ ಬಂದಿರಿ ಎನ್ನುವುದೂ ಸೇರಿದೆ. ಮೈಸೂರು ಕಡೆಯಿಂದ ಬರುವವರು ಆನೆಕಾಡು, ಸುಂಟಿಕೊಪ್ಪ ಎಂದು ನಿಧಾನವಾಗಿ ಮೇಲೇರುತ್ತಾರೆ. ಚಳಿ ಅವರಿಗೆ ಸ್ವಲ್ಪಸ್ವಲ್ಪವೇ ಅಭ್ಯಾಸವಾಗುತ್ತದೆ. ನಾವು ಕೆಳಗಿನ ಸೆಕೆಯಿಂದ ಹೊರಟು ಸಂಪಾಜೆ ಘಾಟಿ ಹತ್ತುತ್ತೇವೆ. ಬೆವರಿಗೆ ಅಂಟಿಕೊಂಡ ಬಟ್ಟೆ ಮಡಿಕೇರಿಯಲ್ಲಿ ಇಳಿಯುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬಾಲ್ಯದಲ್ಲಿ ನನಗೆ ಮಡಿಕೇರಿ ಎಂದರೆ ಸ್ವೆಟರ್ ಹಾಕಿಕೊಳ್ಳಲು ಅವಕಾಶ ಸಿಗುವ ಊರು.

ಅದು 2018ರವರೆಗೆ. ಆ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಜಾರಿ ಬಂತು, ಹೆದ್ದಾರಿ ಮುಚ್ಚಿತು. ಈಗಲೂ ಮಳೆಗಾಲದಲ್ಲಿ ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಕಿಟಕಿಯಿಂದ ಗುಡ್ಡದ ಕಡೆಯೇ ನೋಡುತ್ತಿರುತ್ತೇನೆ. ಪಕ್ಕದಲ್ಲಿ ಕೂತ ಪ್ರವಾಸಿಗಳು ಆಹಾ ಎಷ್ಟು ಹಸಿರು ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ.

ಹಾಲೇರಿ · ರಾತ್ರಿ 10.30

ಬೆಣ್ಣೆನಗರಿಯವರೇ, ನೀವು ಕೋಟೆಗೆ ಹೋದದ್ದು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಹೆಚ್ಚಿನವರು ರಾಜಾಸೀಟಿನಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿಗೆ ರಾಜಧಾನಿ ತಂದು ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು, ಜಾಫರಾಬಾದ್ ಎಂದು ಹೆಸರೂ ಬದಲಾಯಿತು. ಮುಂದೆ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಯನ್ನು ಹೊಸದಾಗಿ ಕಟ್ಟಿಸಿದ. ನೀವು ನೋಡಿದ ಓಂಕಾರೇಶ್ವರ ದೇವಾಲಯವೂ ಅವನದೇ, 1820ರದು. ಗುಮ್ಮಟ, ನಾಲ್ಕು ಮೂಲೆಯ ಗೋಪುರಗಳು ಇರುವ ಶಿವಾಲಯ ನಮ್ಮ ಸೀಮೆಯಲ್ಲಿ ಇನ್ನೆಲ್ಲಿ ಸಿಗುತ್ತದೆ? ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು 1859ರದು, ಈಗ ಅದು ವಸ್ತುಸಂಗ್ರಹಾಲಯ. ಅರಮನೆಯ ಅಂಗಳದಲ್ಲಿ ಎರಡು ಗಾರೆಯ ಆನೆಗಳಿವೆ, ನಿಜವಾದ ಆನೆಯ ಗಾತ್ರದವು. 1837ರಲ್ಲಿ ಬ್ರಿಟಿಷರು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದೂ ಇದೇ ಕೋಟೆಯಲ್ಲಿ. ಬ್ರಿಟಿಷರ ವಿರುದ್ಧದ ಅಮರ ಸುಳ್ಯ ಹೋರಾಟದಲ್ಲಿ ಅವರು ಪ್ರಮುಖರು.

ಇನ್ನೂ ಒಂದು ಮಾತು. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಮಡಿಕೇರಿ ರಾಜಧಾನಿ. 33 ಸಾವಿರ ಜನರ ಊರು ಎಂದು ಮಹದೇವಪೇಟೆಯವರು ಬರೆದರು, ನಿಜ. ಆದರೆ ಇದು ಮೂರು ಕಾಲದ ಆಡಳಿತ ಕಂಡ ಊರು. ಚಾಕೊಲೇಟ್ ಅಂಗಡಿಗಳ ನಡುವೆ ಅದು ಕಾಣಿಸುವುದಿಲ್ಲ ಎನ್ನುವುದೇ ನನ್ನ ಸಂಕಟ.

ಕಾಲೇಜು ರಸ್ತೆ · ರಾತ್ರಿ 10.34

ಸರ್, ಇತಿಹಾಸದಿಂದ ಚರಂಡಿ ಸ್ವಚ್ಛವಾಗುವುದಿಲ್ಲ. ಸ್ಟೋನ್‌ಹಿಲ್ಲಿನ ಕಸದ ರಾಶಿಯ ಬಗ್ಗೆಯೂ ಎರಡು ಸಾಲು ಬರೆಯಿರಿ.

ಹಾಲೇರಿ · ರಾತ್ರಿ 10.41

ಬರೆಯುತ್ತೇನೆ, ಬರೆದಿದ್ದೇನೆ ಕೂಡ. ತನ್ನ ಊರು ಎಷ್ಟು ಹಳೆಯದೆಂದು ತಿಳಿದವನು ಬೀದಿಗೆ ಕಸ ಎಸೆಯುವ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ. ಅದನ್ನು ನಂಬಿಯೇ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ.

ಬಾಡಿಗೆ ಜೀಪು · ಮಂಗಳವಾರ ಬೆಳಿಗ್ಗೆ 6.15

ಮಾಂದಲಪಟ್ಟಿಗೆ ಜೀಪು ಓಡಿಸುತ್ತೇನೆ. ಅಕ್ಕ ತಂಗಿಯರ ಜಗಳ ನನಗೆ ದಿನಾ ಕಾಣುವ ಜಗಳ. ಬೆಳಿಗ್ಗೆ ಮೊದಲ ಬಾಡಿಗೆಯವರನ್ನು ಮೇಲೆ ಕರೆದುಕೊಂಡು ಹೋಗುತ್ತೇನೆ. ಪೂರ್ತಿ ಮಂಜು. ಎದುರಿಗೆ ನಿಂತವರ ಮುಖವೂ ಕಾಣುವುದಿಲ್ಲ. ‘ಏನೂ ಇಲ್ಲದ ಕಡೆಗೆ ಕರೆತಂದಿರಿ’ ಎಂದು ಬೈಯುತ್ತಾರೆ, ಹಣ ಕೊಡುವಾಗ ತಕರಾರು ಮಾಡುತ್ತಾರೆ. ಅವರನ್ನು ಕೆಳಗಿಳಿಸಿ ಮತ್ತೊಂದು ತಂಡದ ಜೊತೆ ಹೋಗುವಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿದಿರುತ್ತದೆ, ಬೆಟ್ಟದ ಹಿಂದೆ ಬೆಟ್ಟ ಕಾಣುತ್ತದೆ. ಅವರು ಕೈಮುಗಿದು ಚಹಾ ಕೊಡಿಸುತ್ತಾರೆ. ಜಾಗ ಅದೇ, ಜೀಪು ಅದೇ, ಚಾಲಕನೂ ನಾನೇ. ಇಬ್ಬರೂ ಊರಿಗೆ ಹೋಗಿ ಹೇಳುವುದು ನಿಜವೇ.

ಆದರೆ ಒಂದು ಮಾತು. ದಟ್ಟಣೆ ಎಂದು ಪ್ರವಾಸಿಗಳನ್ನು ಬೈಯುವವರು ನಮ್ಮಂಥವರ ಮನೆಯನ್ನೂ ನೆನಪಿಟ್ಟುಕೊಳ್ಳಬೇಕು. ನನಗೆ ತೋಟವಿಲ್ಲ. ನನ್ನ ಮಕ್ಕಳ ಶಾಲೆಯ ಶುಲ್ಕ ಬರುವುದು ಈ ಶನಿವಾರ, ಭಾನುವಾರಗಳಿಂದಲೇ.

ಕಾಲೇಜು ರಸ್ತೆ · ಬೆಳಿಗ್ಗೆ 7.02

ಅಣ್ಣ, ನಿಮ್ಮ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ನನ್ನ ಸಿಟ್ಟು ಬೇರೆಯ ಕಡೆಗೆ. ಗುಡ್ಡವನ್ನು ಜೆಸಿಬಿಯಿಂದ ನೇರಕ್ಕೆ ಕಡಿದು ಅದರ ಅಂಚಿಗೆ ಕೊಠಡಿ ಕಟ್ಟಿ ಕಣಿವೆಯ ನೋಟ ಎಂದು ಮಾರುತ್ತಾರಲ್ಲ, ಅವರ ಮೇಲೆ. 2018ರ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೂಡ ಇಳಿಜಾರನ್ನು ಕಡಿದದ್ದನ್ನು ಕಾರಣಗಳಲ್ಲಿ ಸೇರಿಸಿದೆ. ಮಳೆ ಹೆಚ್ಚಾಯಿತು ಎಂದು ಆಕಾಶದ ಮೇಲೆ ಮಾತ್ರ ಹೊರಿಸಿದರೆ ಆಗಲಿಲ್ಲ.

ಮಕ್ಕಂದೂರು · ಬೆಳಿಗ್ಗೆ 8.10

ಹೋಂಸ್ಟೇ ನಡೆಸುವ ಎಲ್ಲರನ್ನೂ ಒಂದೇ ಗಾಡಿಗೆ ಹೇರಬೇಡಿ. ನಮ್ಮದು ಅತ್ತೆಯವರ ಕಾಲದ ಮನೆ, ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಟ್ಟಿಲ್ಲ. ಖಾಲಿ ಇದ್ದ ಕೋಣೆಗಳನ್ನು ತೊಳೆದು ಬಳಿದು ನೋಂದಣಿ ಮಾಡಿಸಿ ನಡೆಸುತ್ತಿದ್ದೇವೆ.

ಬೇರೆಯವರ ಅನಿಸಿಕೆ ನಮ್ಮ ಹೊಟ್ಟೆಗೆ ಹೇಗೆ ತಾಗುತ್ತದೆ ಎಂದು ಹೇಳಬೇಕಿದೆ. 2018ರಲ್ಲಿ ನಮ್ಮ ಊರಿನ ಸುತ್ತಮುತ್ತ ಗುಡ್ಡ ಕುಸಿದಾಗ ಟಿವಿಯಲ್ಲಿ ಒಂದೇ ದೃಶ್ಯವನ್ನು ಹಗಲೂರಾತ್ರಿ ತೋರಿಸಿದರು. ನೋಡಿದವರಿಗೆ ಕೊಡಗು ಪೂರ್ತಿ ನೆಲಸಮವಾಗಿದೆ ಎನ್ನಿಸಿತು. ಕೆಲಕಾಲ ಪ್ರವಾಸಿಗರು ಬರಬಾರದೆಂಬ ನಿರ್ಬಂಧವೂ ಇತ್ತು, ಅದು ಬೇಕಾಗಿತ್ತು ಕೂಡ. ಆದರೆ ನಿರ್ಬಂಧ ತೆಗೆದ ಮೇಲೆಯೂ ದೂರವಾಣಿಯಲ್ಲಿ ‘ಅಲ್ಲಿ ಇನ್ನೂ ರಸ್ತೆ ಇದೆಯೇ, ಮನೆಗಳು ಉಳಿದಿವೆಯೇ’ ಎಂದು ಕೇಳುವವರೇ. ಮನೆ ಕಳೆದುಕೊಂಡವರ ದುಃಖದ ಮುಂದೆ ನಮ್ಮದು ದೊಡ್ಡದಲ್ಲ, ಗೊತ್ತು. ಆದರೂ ಯಾರೋ ದೂರದಲ್ಲಿ ಕೂತು ‘ಆ ಊರಿಗೆ ಹೋಗಬೇಡಿ’ ಎಂದಾಗ ಇಲ್ಲೊಂದು ಮನೆಯ ಒಲೆ ಉರಿಯುವುದು ಕಡಿಮೆಯಾಗುತ್ತದೆ. ಬೆಣ್ಣೆನಗರಿಯವರು ಅಕ್ಕನಿಗೆ ಇದನ್ನು ಓದಿ ಹೇಳಬೇಕೆಂದು ನನ್ನ ಕೋರಿಕೆ.

ಮಾಜಿ ಸೈನಿಕ · ಬೆಳಿಗ್ಗೆ 9.00

ಎಲ್ಲರೂ ವಾದ ಮಾಡುತ್ತಿದ್ದೀರಿ, ಯಾವ ತಿಂಗಳು ಹೋಗಿದ್ದಿರಿ ಎಂದು ಯಾರೂ ಕೇಳಲೇ ಇಲ್ಲ! ಮಡಿಕೇರಿಯಲ್ಲಿ ಅದೇ ಮೊದಲ ಪ್ರಶ್ನೆ.

ಬೆಣ್ಣೆನಗರಿ · ಬೆಳಿಗ್ಗೆ 9.12

ಡಿಸೆಂಬರ್ ಕೊನೆಯ ವಾರ, ಸರ್. ಮಕ್ಕಂದೂರಿನ ಅಕ್ಕನ ಬರಹವನ್ನು ಈಗಷ್ಟೇ ನಮ್ಮ ಅಕ್ಕನಿಗೆ ಕಳುಹಿಸಿದೆ.

ಮಾಜಿ ಸೈನಿಕ · ಬೆಳಿಗ್ಗೆ 9.40

ವರ್ಷದ ಕೊನೆಯ ವಾರವೇ? ಹಾಗಾದರೆ ಜನಜಂಗುಳಿಯ ಬಗ್ಗೆ ದೂರುವುದರಲ್ಲಿ ಅರ್ಥವಿಲ್ಲ. ಆ ವಾರ ಇಡೀ ಬೆಂಗಳೂರು ಬೆಟ್ಟ ಹುಡುಕಿಕೊಂಡು ಹೊರಡುತ್ತದೆ.

ಜುಲೈಯಲ್ಲಿ ಬಂದು ನೋಡಿ. ವರ್ಷಕ್ಕೆ ಇಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಸೈನ್ಯದಿಂದ ರಜೆಗೆ ಬರುವಾಗ ನನಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಅದೇ ಮಡಿಕೇರಿ. ನೆಂದ ಸಮವಸ್ತ್ರ ವಾರವಾದರೂ ಒಣಗುತ್ತಿರಲಿಲ್ಲ. ಅಮ್ಮ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಹಾಕಿ ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಬಟ್ಟೆ ಹರಡುತ್ತಿದ್ದರು. ಕಾಲುಚೀಲಕ್ಕೆ ಹೊಗೆಯ ವಾಸನೆ ಹಿಡಿಯುತ್ತಿತ್ತು, ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ರಾಜಸ್ಥಾನದ ಗೆಳೆಯರಿಗೆ ಇದನ್ನು ಹೇಳಿದರೆ ನಿನ್ನ ಊರು ಸ್ವರ್ಗ ಎನ್ನುತ್ತಿದ್ದರು. ಅಮ್ಮನಿಗೆ ಅದು ಸ್ವರ್ಗವಾಗಿರಲಿಲ್ಲ, ಮೂರು ತಿಂಗಳ ಕೆಲಸ.

ಇನ್ನೊಂದು ವಿಷಯ. ತಿಮ್ಮಯ್ಯ ವೃತ್ತದಲ್ಲಿ ಕಾರು ನಿಂತಿತ್ತು ಎಂದಿರಿ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಅದೇ ಪೇಟೆಯಲ್ಲಿದೆ, 2021ರಿಂದ ಅದು ವಸ್ತುಸಂಗ್ರಹಾಲಯ. ಕಾರಿನಿಂದ ಇಳಿದು ಅಲ್ಲಿಗೆ ಹೋಗಿದ್ದರೆ ಆ ಹೊತ್ತು ಸಾರ್ಥಕವಾಗುತ್ತಿತ್ತು.

ರಾಯಚೂರಿನ ಮೇಷ್ಟ್ರು · ಬೆಳಿಗ್ಗೆ 11.25

ನಾನು ಪ್ರವಾಸಿಯೂ ಅಲ್ಲ, ಊರಿನವನೂ ಅಲ್ಲ. ವರ್ಗಾವಣೆಯಾಗಿ ಬಂದವನು. ಬಿಸಿಲಿನಲ್ಲಿ ಬೆಳೆದ ನನಗೆ ಮೊದಲ ಮಳೆಗಾಲದಲ್ಲಿ ಈ ಊರು ಉಸಿರು ಕಟ್ಟಿಸಿತು. ಸೂರ್ಯ ಕಾಣದ ದಿನಗಳು, ಒದ್ದೆ ಗೋಡೆ, ರಾತ್ರಿ ಎಂಟಕ್ಕೆಲ್ಲ ಮುಚ್ಚಿಕೊಳ್ಳುವ ಅಂಗಡಿಗಳು. ಜೋಳದ ರೊಟ್ಟಿಗಾಗಿ ಊರೆಲ್ಲ ಸುತ್ತಿದ್ದೇನೆ. ನಮ್ಮ ಕಡೆ ಅಪರಿಚಿತನನ್ನೂ ಕೂರಿಸಿ ಮಾತನಾಡಿಸುತ್ತಾರೆ. ಇಲ್ಲಿ ಪಕ್ಕದ ಮನೆಯವರು ನಕ್ಕು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಗರ್ವದವರು ಎಂದುಕೊಂಡಿದ್ದೆ.

ಆಮೇಲೆ ಒಮ್ಮೆ ಜ್ವರ ಬಂದು ಮಲಗಿದಾಗ ಅದೇ ಪಕ್ಕದ ಮನೆಯವರು ಬಾಗಿಲು ತಟ್ಟಿ ಗಂಜಿ, ಉಪ್ಪಿನಕಾಯಿ ಇಟ್ಟು ಹೋದರು. ಆಗಲೂ ಹೆಚ್ಚು ಮಾತಿಲ್ಲ. ಇವರ ಪ್ರೀತಿಗೆ ಮಾತು ಕಡಿಮೆ, ಅಷ್ಟೇ. ಎರಡು ದಿನಕ್ಕೆ ಬಂದು ಹೋಗುವವರಿಗೆ ಇದು ತಿಳಿಯಲು ಸಾಧ್ಯವೇ ಇಲ್ಲ. ಅದು ಅವರ ದೋಷವಲ್ಲ.

ದೂರು ಒಂದೇ: ಬಾಡಿಗೆ. ಮನೆಗಳೆಲ್ಲ ಪ್ರವಾಸಿಗಳ ಕೋಣೆಗಳಾಗುತ್ತಿದ್ದರೆ ನಮ್ಮಂಥ ನೌಕರರು ಎಲ್ಲಿ ಇರಬೇಕು?

ಶುಕ್ರವಾರದ ಸಂತೆ · ಮಧ್ಯಾಹ್ನ 1.15

ಅಕ್ಕ, ತಂಗಿ ಇಬ್ಬರೂ ಶನಿವಾರ ಬಂದಿರಿ. ಹಿಂದಿನ ದಿನ ಬಂದಿದ್ದರೆ ನಮ್ಮ ಸಂತೆ ಸಿಗುತ್ತಿತ್ತು.

ಊರು ಎಂದರೆ ನನಗೆ ಅದೇ. ಮಳೆಗಾಲದಲ್ಲಿ ಹೋದರೆ ತೆಳ್ಳಗೆ ಹೆಚ್ಚಿ ನೀರಿನಲ್ಲಿ ನೆನೆಸಿಟ್ಟ ಕಣಿಲೆ (ಎಳೆ ಬಿದಿರು) ಇರುತ್ತದೆ, ಕೆಲವರು ಅದಕ್ಕೆ ಬೈಂಬಳೆ ಎನ್ನುತ್ತಾರೆ. ಮಣ್ಣು ಮೆತ್ತಿದ ಕಾಡಿನ ಅಣಬೆಯನ್ನು ಎಲೆಯ ಮೇಲೆ ಗುಡ್ಡೆ ಹಾಕಿರುತ್ತಾರೆ. ತಡವಾಗಿ ಹೋದರೆ ಸಿಗುವುದಿಲ್ಲ. ಕೊಡವರ ಕಕ್ಕಡ ತಿಂಗಳ 18ರ ಹಿಂದುಮುಂದು, ಎಂದರೆ ಆಗಸ್ಟ್ ಮೊದಲ ವಾರದಲ್ಲಿ ಮದ್ದುಸೊಪ್ಪಿನ ಕಟ್ಟು. ಆ ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ, ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡುತ್ತೇವೆ. ಒಂದು ಅಂಗಡಿಯ ಮುಂದೆ ನಿಂತರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ, ಚೌಕಾಸಿ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ಪ್ರವಾಸಿಗಳ ಪಟ್ಟಿಯಲ್ಲಿ ಈ ಸಂತೆಯನ್ನು ಯಾಕೆ ಸೇರಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ರೋಬಸ್ಟಾ · ಮಧ್ಯಾಹ್ನ 1.22

ಸೇರಿಸಬೇಡಿ. ಆಮೇಲೆ ಅಣಬೆಯ ದರ ಏರುತ್ತದೆ.

ಚಾಮುಂಡಿಪುರಂ · ಮಧ್ಯಾಹ್ನ 2.30

ಮೈಸೂರಿನವನ ಅನುಭವವೂ ಇರಲಿ. ವಿಜಯದಶಮಿಯ ದಿನ ಜಂಬೂಸವಾರಿ ಮುಗಿಸಿಕೊಂಡು ಗೆಳೆಯರ ಜೊತೆ ಅದೇ ರಾತ್ರಿ ಮಡಿಕೇರಿಗೆ ಹೋಗಿದ್ದೆ. ಹತ್ತು ದೇವಸ್ಥಾನಗಳ ಮಂಟಪಗಳು ಒಂದರ ಹಿಂದೆ ಒಂದು, ಪುರಾಣದ ಕಥೆಗಳನ್ನು ಚಲಿಸುವ ಬೊಂಬೆಗಳಲ್ಲಿ ತೋರಿಸುತ್ತಾ ಬೆಳಗಿನ ಜಾವದವರೆಗೂ ಬೀದಿಯಲ್ಲಿ. ಕಾಲಿಡಲು ಜಾಗವಿರಲಿಲ್ಲ. ಆದರೂ ಒಬ್ಬರ ಬಾಯಿಂದಲೂ ದಟ್ಟಣೆ ಎಂಬ ದೂರು ಕೇಳಲಿಲ್ಲ. ನಮ್ಮ ದಸರಾದಲ್ಲಿ ಅರಮನೆ ಮುಂದಿರುತ್ತದೆ, ಜನ ನೋಡುತ್ತಾರೆ. ಅಲ್ಲಿ ಬೀದಿಯ ಹುಡುಗರೇ ತಿಂಗಳುಗಟ್ಟಲೆ ದುಡಿದು ಮಂಟಪ ಕಟ್ಟುತ್ತಾರೆ.

ಮಹದೇವಪೇಟೆ · ಮಧ್ಯಾಹ್ನ 2.44

ಕರಗಗಳನ್ನು ಬಿಟ್ಟುಬಿಟ್ಟಿರಿ ಸರ್. ದಸರಾ ಶುರುವಾಗುವುದೇ ನಾಲ್ಕು ಶಕ್ತಿದೇವತೆಗಳ ಕರಗದಿಂದ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಊರಿನಲ್ಲಿ ರೋಗ ಹರಡಿದಾಗ ಶುರುವಾದ ಆಚರಣೆ ಎಂದು ಹಿರಿಯರು ಹೇಳುತ್ತಾರೆ. ಮಂಟಪ ನೋಡಿ ಹೋಗುವವರಿಗೆ ಒಂಬತ್ತು ದಿನ ಕರಗ ಮನೆಮನೆಗೆ ಬರುವುದು ಕಾಣುವುದಿಲ್ಲ.

ಕಾಲೇಜು ರಸ್ತೆ · ಮಧ್ಯಾಹ್ನ 2.50

ಮಂಟಪಗಳ ಧ್ವನಿವರ್ಧಕದ ಅಬ್ಬರವನ್ನೂ ಸೇರಿಸಿ. ಮನೆಯಲ್ಲಿ ವಯಸ್ಸಾದವರು ಇದ್ದವರಿಗೆ ಆ ರಾತ್ರಿ ಏನೆಂದು ಗೊತ್ತು.

ಬಾಡಿಗೆ ಜೀಪು · ಸಂಜೆ 4.10

ಕಾಲೇಜು ರಸ್ತೆಯವರಿಗೆ ಒಂದು ಪ್ರಶ್ನೆ. ನಿಮಗೆ ಈ ಊರಿನಲ್ಲಿ ಇಷ್ಟವಾದದ್ದು ಏನಾದರೂ ಇದೆಯೇ?

ಕಾಲೇಜು ರಸ್ತೆ · ಸಂಜೆ 4.35

ಇದೆ ಅಣ್ಣ, ಬಹಳ ಇದೆ. ಅದಕ್ಕೇ ಇಷ್ಟು ಕೂಗಾಡುವುದು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಬಿಟ್ಟು ಮರಳಿ ಬಂದವನು ನಾನು. ವಾರದ ನಡುವೆ ಸಂಜೆ ಆರರ ಹೊತ್ತಿಗೆ ಗಾಳಿಬೀಡು ಕಡೆಯಿಂದ ಮಂಜು ಎದ್ದು ಬಂದು ಪೇಟೆಯ ದೀಪಗಳನ್ನು ಮುಚ್ಚುವುದನ್ನು ನೋಡುತ್ತಾ ಮನೆಗೆ ನಡೆಯುವಾಗ ಬೇರೇನೂ ಬೇಡ ಎನ್ನಿಸುತ್ತದೆ. ಆದರೆ ಇಷ್ಟವಿದೆ ಎಂದು ಬಾಯಿ ಮುಚ್ಚಿಕೊಂಡು ಕೂತರೆ ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುತ್ತದೆಯೇ? ಇಷ್ಟು ಮಳೆ ಬೀಳುವ ಊರಿನಲ್ಲಿ ಮಾರ್ಚ್ ಬಂದರೆ ಕೂಟುಹೊಳೆಯ ಮಟ್ಟ ಎಷ್ಟಿದೆ ಎಂದು ವಿಚಾರಿಸುವ ಸ್ಥಿತಿ ಇದೆ. ವಾರಾಂತ್ಯಕ್ಕೆ ಬರುವ ವಾಹನಗಳನ್ನು ಊರಿನ ಹೊರಗೇ ನಿಲ್ಲಿಸಿ ಅಲ್ಲಿಂದ ಸಣ್ಣ ಬಸ್ಸು ಓಡಿಸಿದರೆ ನಿಮ್ಮ ಜೀಪಿಗೂ ಕೆಲಸವಿರುತ್ತದೆ, ನಮಗೂ ರಸ್ತೆ ಸಿಗುತ್ತದೆ.

ಬಾಡಿಗೆ ಜೀಪು · ಸಂಜೆ 4.41

ಆ ಬಸ್ಸಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಸ್ಥಳೀಯ ಚಾಲಕರಿಗೇ ಕೆಲಸ ಕೊಡಬೇಕು.

ಹಾರಂಗಿ · ಸಂಜೆ 5.20

ಊಟದ ಬಗ್ಗೆ ಯಾರೂ ಬರೆದಿಲ್ಲ. ಬೆಣ್ಣೆನಗರಿಯವರು ಮಡಿಕೇರಿಯಲ್ಲಿ ಏನು ತಿಂದಿರಿ?

ಬೆಣ್ಣೆನಗರಿ · ಸಂಜೆ 5.28

ನಾವು ಸಸ್ಯಾಹಾರಿಗಳು. ಹೋಟೆಲಿನಲ್ಲಿ ರೋಟಿ, ಪನೀರ್ ಸಿಕ್ಕಿತು.

ಶುಕ್ರವಾರದ ಸಂತೆ · ಸಂಜೆ 5.33

ಅಯ್ಯೋ, ಕೊಡಗಿನವರೆಗೂ ಬಂದು ಪನೀರ್ ತಿಂದಿರಾ! ಪಂದಿ ಕರಿ ತಿನ್ನದವರಿಗೆ ಇಲ್ಲಿ ಊಟವಿಲ್ಲ ಎಂದು ಯಾರು ಹೇಳಿದರು? ನೂಪುಟ್ಟಿಗೆ ಕುಂಬಳಕಾಯಿ ಕರಿ, ಅಕ್ಕಿ ರೊಟ್ಟಿಗೆ ಕಣಿಲೆ ಪಲ್ಯ, ತೆಂಗಿನಕಾಯಿ ಹಾಲು ಹಾಕಿದ ಪಾಪುಟ್ಟು, ಕಡಂಬುಟ್ಟಿಗೆ ಜೇನು ತುಪ್ಪ. ಅಣಬೆ ಕರಿಗೆ ಕೊನೆಯಲ್ಲಿ ನಾಲ್ಕು ಹನಿ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಬಿಟ್ಟರೆ ಅದರ ರುಚಿಯೇ ಬೇರೆ. ಉಳಿದುಕೊಂಡ ಮನೆಯವರನ್ನು ಹಿಂದಿನ ದಿನವೇ ಕೇಳಬೇಕಿತ್ತು.

ಮಕ್ಕಂದೂರು · ಸಂಜೆ 5.50

ಕೇಳಿದರೆ ಖಂಡಿತ ಮಾಡಿಕೊಡುತ್ತೇವೆ. ಹೆಚ್ಚಿನವರು ಕೇಳುವುದೇ ಪನೀರನ್ನು. ಅದಕ್ಕೇ ನಾವೂ ಕಲಿತೆವು.

ಬೆಣ್ಣೆನಗರಿಯ ಅಕ್ಕ · ರಾತ್ರಿ 8.15

ನನ್ನ ಬಗ್ಗೆ ಇಷ್ಟೆಲ್ಲ ಚರ್ಚೆಯಾಗಿರುವುದರಿಂದ ನಾನೇ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಓದಿದೆ.

ತಂಗಿಗಿಂತ ನಾನು ಹನ್ನೊಂದು ವರ್ಷ ದೊಡ್ಡವಳು. ಎರಡೂ ಮಂಡಿಗಳಲ್ಲಿ ನೋವು. ಅವಳು ಮೆಚ್ಚಿಕೊಂಡು ಬಣ್ಣಿಸಿದ ಏರು, ಇಳುಕಲು, ಕಲ್ಲಿನ ಮೆಟ್ಟಿಲು ನನ್ನ ಪಾಲಿಗೆ ಮುಚ್ಚಿದ ಬಾಗಿಲು. ನನಗೆ ಕಂಡದ್ದು ಕಾರಿನ ಕಿಟಕಿಯಿಂದ ಕಾಣುವ ಮಡಿಕೇರಿ, ಮತ್ತು ಕಿಟಕಿಯ ಹೊರಗೆ ಇದ್ದದ್ದು ಇನ್ನೊಂದು ಕಾರು. ಅಬ್ಬಿಯ ಮೆಟ್ಟಿಲು ಇಳಿದು ಹತ್ತುವಾಗ ಹಿಂದಿನಿಂದ ಬಂದವರು ನೂಕಿದರು, ಒಂದು ಕ್ಷಣ ಕೂರೋಣವೆಂದರೆ ಜಾಗವಿಲ್ಲ. ದಾರಿಯಲ್ಲಿ ಹೆಂಗಸರು ಹೋಗಬಹುದಾದ ಒಂದು ಶುಚಿಯಾದ ಶೌಚಾಲಯ ಸಿಗುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ತಂಗಿ ಬರೆದಿಲ್ಲ, ಏಕೆಂದರೆ ನಾನು ಅವಳಿಗೂ ಹೇಳಿರಲಿಲ್ಲ. ಸ್ವರ್ಣಮಂದಿರ ಏಕೆ ಇಷ್ಟವಾಯಿತು? ನೆಲ ಸಮತಟ್ಟಾಗಿತ್ತು, ಒಳಗೆ ಕೂರಲು ಬಿಟ್ಟರು, ಯಾರೂ ಏಳಿ ಎನ್ನಲಿಲ್ಲ. ಅದು ಯಾವ ಜಿಲ್ಲೆಯಾದರೂ ಸರಿ.

ಮಕ್ಕಂದೂರಿನ ತಂಗಿ ಬರೆದದ್ದನ್ನು ಓದಿ ಮನಸ್ಸಿಗೆ ನೋವಾಯಿತು. ಇನ್ನು ಮುಂದೆ ಹೋಗಬೇಡಿ ಎನ್ನುವುದಿಲ್ಲ. ಆದರೆ ವಯಸ್ಸಾದವರು ಕೇಳಿದರೆ ನನಗಾದದ್ದನ್ನು ಹೇಳಿಯೇ ಹೇಳುತ್ತೇನೆ.

ಮಹದೇವಪೇಟೆ · ರಾತ್ರಿ 8.30

ಅಮ್ಮಾ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಶೌಚಾಲಯದ ವಿಷಯವನ್ನು ನಮ್ಮ ವಾರ್ಡಿನ ಸಭೆಯಲ್ಲಿ ನಾನೇ ಎತ್ತುತ್ತೇನೆ.

ಶುಕ್ರವಾರದ ಸಂತೆ · ರಾತ್ರಿ 8.42

ಅಕ್ಕಾ, ನಮಗೂ ಅದೇ ಕಷ್ಟ. ಸಂತೆಯ ದಿನ ಹಳ್ಳಿಗಳಿಂದ ಬೆಳಿಗ್ಗೆ ಬಂದು ಸಂಜೆ ಮರಳುವ ಹೆಂಗಸರು ನೀರು ಕುಡಿಯದೆ ಇರುತ್ತಾರೆ, ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಇದು ಪ್ರವಾಸಿಗಳ ದೂರು ಎಂದು ಯಾರೂ ಪಕ್ಕಕ್ಕಿಡಬೇಡಿ. ಊರಿನ ಹೆಂಗಸರು ಬಹಳ ಕಾಲದಿಂದ ಕೇಳುತ್ತಿರುವುದೂ ಇದನ್ನೇ.

ಹಾಲೇರಿ · ರಾತ್ರಿ 9.05

ಮಂಡಿ ನೋವಿದ್ದವರಿಗೆ ಒಂದು ದಾರಿ ಹೇಳುತ್ತೇನೆ. ಮಂಗಳವಾರ ಅಥವಾ ಬುಧವಾರ ಬನ್ನಿ, ಡಿಸೆಂಬರ್ ಬಿಟ್ಟು ನವೆಂಬರಿನಲ್ಲಿ ಅಥವಾ ಫೆಬ್ರುವರಿಯಲ್ಲಿ. ಕೋಟೆಯಲ್ಲಿ ಆನೆಗಳನ್ನೂ ಚರ್ಚನ್ನೂ ನಿಧಾನವಾಗಿ ನೋಡಬಹುದು. ಗದ್ದಿಗೆಯ ಹತ್ತಿರದವರೆಗೂ ಕಾರು ಹೋಗುತ್ತದೆ. ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳು ಅಲ್ಲಿವೆ, ಸುತ್ತಲೂ ಹುಲ್ಲುಹಾಸು, ಬೇಕಾದಷ್ಟು ಹೊತ್ತು ಕೂರಬಹುದು. ಅಬ್ಬಿಯನ್ನು ಬಿಟ್ಟುಬಿಡಿ, ನಷ್ಟವೇನಿಲ್ಲ.

ಬಾಡಿಗೆ ಜೀಪು · ರಾತ್ರಿ 9.11

ಜೀಪು ಬೇಡ ಅಮ್ಮಾ, ಆ ಕುಲುಕಾಟ ಮಂಡಿಗೆ ಆಗದು. ಕಾರಿನಲ್ಲೇ ಬನ್ನಿ.

ಬೆಣ್ಣೆನಗರಿಯ ಅಕ್ಕ · ರಾತ್ರಿ 9.30

ಫೆಬ್ರುವರಿ ಎಂದು ಬರೆದಿಟ್ಟುಕೊಂಡೆ. ಒಂದು ಸಂದೇಹ: ಭಾವನವರು ಅಲ್ಲಿ ಒಂದು ಸೀಸೆ ಕಾಚಂಪುಳಿ ಕೊಂಡಿದ್ದರು. ಹಾಗೇ ಇದೆ, ಕೆಟ್ಟುಹೋಗುತ್ತದೆಯೇ? ಹುಣಸೆಹಣ್ಣಿನ ಬದಲು ಸಾರಿಗೆ ಹಾಕಬಹುದೇ?

ರೋಬಸ್ಟಾ · ರಾತ್ರಿ 9.34

ಭಾವ ಎಂದು ಬರೆದವರು ಅಕ್ಕನೋ ತಂಗಿಯೋ?

ಬೆಣ್ಣೆನಗರಿ · ರಾತ್ರಿ 9.36

ಈಗ ಟೈಪ್ ಮಾಡುತ್ತಿರುವುದು ನಾನು, ಅಕ್ಕ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಕಾಚಂಪುಳಿಯ ಪ್ರಶ್ನೆಗೆ ಉತ್ತರ ಕೊಡಿ.

ಶುಕ್ರವಾರದ ಸಂತೆ · ರಾತ್ರಿ 9.50

ಕೆಡುವುದಿಲ್ಲ, ವರ್ಷಗಟ್ಟಲೆ ಇರುತ್ತದೆ. ಗಾಜಿನ ಸೀಸೆಯಲ್ಲೇ ಇಡಿ, ಒದ್ದೆ ಚಮಚ ಹಾಕಬೇಡಿ. ಸಾರಿಗೆ ಹಾಕಬಹುದು, ಆದರೆ ಹುಣಸೆಯ ಅಳತೆಯಲ್ಲಿ ಹಾಕಿದರೆ ಬಾಯಿಗಿಡಲು ಆಗುವುದಿಲ್ಲ. ನಾಲ್ಕು ಜನರ ಸಾರಿಗೆ ಅರ್ಧ ಚಮಚ ಸಾಕು. ಒಲೆ ಆರಿಸುವ ಸ್ವಲ್ಪ ಮುಂಚೆ ಹಾಕಿ.